ಅರ್ಧಕ್ಕೆ ನಿಂತ ಗ್ಲಾಸು

ಮೇ ತಿಂಗಳ ಸಂಜೆ. ಶಂಕರಪುರದ ಮನೆ ಮುಂದೆ ಕಾರು ನಿಲ್ಲಿಸಿ ಸ್ವಿಚ್ ಒತ್ತಿದರೆ ಡ್ರೈವರ್ ಬದಿಯ ಗ್ಲಾಸು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮೋಡ ಕವಿದಿತ್ತು. ಎರಡೂ ಅಂಗೈಯಲ್ಲಿ ಗ್ಲಾಸನ್ನು ಒತ್ತಿ ಹಿಡಿದು ಎತ್ತಿ ನೋಡಿದೆ, ಜಪ್ಪಯ್ಯ ಎನ್ನಲಿಲ್ಲ. ಟಾರ್ಪಾಲು ಹೊದಿಸಿ ಒಳಗೆ ಹೋದೆ.

ಗ್ಲಾಸು ಹಾಗೆ ಬಿಗಿಯಾಗಿ ಕೂರಲು ಕಾರಣವಿದೆ. ಬಾಗಿಲೊಳಗಿನ 12 ವೋಲ್ಟ್ ಮೋಟರಿನ ತುದಿಗೆ ತಿರುಪುಮೊಳೆಯಂಥ ವರ್ಮ್ ಗೇರ್ ಇರುತ್ತದೆ. ಅದು ಹಲ್ಲುಚಕ್ರವನ್ನು ತಿರುಗಿಸುತ್ತದೆ. ಚಕ್ರ ಅದನ್ನು ತಿರುಗಿಸಲಾರದು. ಹೊರಗೆ ನಿಂತವರು ಗ್ಲಾಸನ್ನು ಸುಲಭಕ್ಕೆ ಒತ್ತಿ ಇಳಿಸಲಾಗದೆ ಇರುವುದೂ ಇದರಿಂದಲೇ. ಅಂಬಾಸಿಡರ್, ಪದ್ಮಿನಿಯ ಕಾಲದಲ್ಲಾದರೆ ಹಿಡಿ ತಿರುಗಿಸಿದರೆ ಮುಗಿಯುತ್ತಿತ್ತು.

ಮರುದಿನ ಬಂದ ಮೆಕ್ಯಾನಿಕ್ ಬಾಗಿಲಿಗೆ ಕಿವಿಯಿಟ್ಟು ನನ್ನಿಂದ ಸ್ವಿಚ್ ಒತ್ತಿಸಿದರು. "ಟಕ್ ಅಂತಿದೆ ಸಾರ್, ಕರೆಂಟ್ ಬರ್ತಿದೆ." ಡೋರ್ ಪ್ಯಾಡ್ ಬಿಚ್ಚಿ ಬ್ಯಾಟರಿಯಿಂದ ನೇರ ಎರಡು ವೈರು ಕೊಟ್ಟರು. ಮೋಟರು ನರಳಿ ಸುಮ್ಮನಾಯಿತು. ವೈರು ಅದಲು ಬದಲು ಮಾಡಿದರೂ ಅಷ್ಟೇ. "ಮೋಟರ್ ಹೋಗಿದೆ. ಆದ್ರೆ ಯಾಕೆ ಹೋಯ್ತು ಅಂತ ಇಲ್ನೋಡಿ."

ಗ್ಲಾಸು ಜಾರುವ ಅಂಚಿನ ರಬ್ಬರ್ ಬೀಡಿಂಗನ್ನು ಬೆರಳಲ್ಲಿ ಎಳೆದರು. ಒಣಗಿದ ತೆಂಗಿನ ಗರಿಯ ಹಾಗೆ ಅದು ಪಟಪಟ ಮುರಿಯಿತು. ನಮ್ಮ ಬೀದಿಯ ಹಳೇ ಮನೆಗಳಲ್ಲಿ ಕಾರಿಗೆ ಜಾಗವಿಲ್ಲ; ಇಪ್ಪತ್ತು ವರ್ಷ ನಮ್ಮ ಕಾರು ಹೊಂಗೆ ಮರದ ಕೆಳಗೆ ಬಿಸಿಲು, ಮಳೆ, ದೂಳು ತಿಂದಿದೆ. ಬಾಗಿಲಿನ ತಳದಿಂದ ಒಂದು ಹಿಡಿ ಮಸಿಯಂಥ ಕೆಸರು ಬಂತು. ಅದರಲ್ಲಿ ಕೊಳೆತ ಹೊಂಗೆ ಹೂವು ಇನ್ನೂ ಗುರುತು ಸಿಗುವಂತಿತ್ತು. ನೀರು ಹರಿದುಹೋಗುವ ತೂತುಗಳನ್ನು ಅದು ಮುಚ್ಚಿಬಿಟ್ಟಿತ್ತು. ಒಣ ರಬ್ಬರಿನಲ್ಲಿ ಗ್ಲಾಸನ್ನು ಎಳೆದೆಳೆದು ಮೋಟರು ಕಾದು, ತಾನೇ ಕರೆಂಟ್ ಕಡಿದುಕೊಂಡು, ತಣ್ಣಗಾದ ಮೇಲೆ ಮತ್ತೆ ಓಡುತ್ತಿತ್ತಂತೆ. ತಿಂಗಳಿಂದ ಗ್ಲಾಸು ನಿಂತು ನಿಂತು ಏರುತ್ತಿದ್ದದ್ದು ನೆನಪಾಗಿ ಮನಸ್ಸಿಗೆ ಕಷ್ಟವಾಯಿತು. ಆಗಲೇ ನೋಡಿದ್ದರೆ ರಬ್ಬರಿನ ಖರ್ಚಿನಲ್ಲೇ ಮುಗಿಯುತ್ತಿತ್ತು.

ಹಳೇ ಮೋಟರನ್ನು ಚೀಲಕ್ಕೆ ಹಾಕಿಕೊಂಡು ಮಿನರ್ವ ಸರ್ಕಲ್ ದಾಟಿ ಜೆ.ಸಿ. ರಸ್ತೆಗೆ ಹೋದೆ. ಟೌನ್‌ಹಾಲ್‌ವರೆಗೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲು. ಅಲ್ಲಿ ಮೊದಲ ಪ್ರಶ್ನೆ: "ಲೆಫ್ಟಾ, ರೈಟಾ?" ಎರಡೂ ಒಂದಕ್ಕೊಂದು ಕನ್ನಡಿಯ ಬಿಂಬದಂತೆ, ಅದಲು ಬದಲಾದರೆ ಕೂರುವುದಿಲ್ಲ. ಎರಡನೆಯದು ಕನೆಕ್ಟರಿನ ಪಿನ್ನು. ಬಾಯಲ್ಲಿ ಹೇಳುವುದಕ್ಕಿಂತ ಹಳೇದನ್ನು ಮುಂದಿಡುವುದೇ ಸರಿ. ಗ್ಲಾಸು ಎತ್ತುವ ಮೆಷೀನು ಸರಿಯಿದ್ದರೆ ಮೋಟರೊಂದನ್ನೇ ಕೊಳ್ಳಬಹುದು.

ಹಳೇ ಮೋಟರು ಕಳಚುವ ಮುನ್ನವೇ ಮೆಕ್ಯಾನಿಕ್ ಗ್ಲಾಸು ಅಲುಗದಂತೆ ಚೌಕಟ್ಟಿಗೆ ಟೇಪು ಸುತ್ತಿದ್ದರು. ಕತ್ತರಿಯಂಥ ತೋಳಿನ ಮೆಷೀನಿಗೆ ಸುರುಳಿ ಸ್ಪ್ರಿಂಗ್ ಇರುತ್ತದೆ. ಬಿಗಿಯದೆ ಮೋಟರು ಕಳಚಿದರೆ ತೋಳು ಚಿಮ್ಮಿ ಬೆರಳು ಜಜ್ಜೀತು. ಹೊಸ ಮೋಟರು ಜೋಡಿಸಿ, ಹೊಸ ಬೀಡಿಂಗಿಗೆ ಸಿಲಿಕೋನ್ ಸ್ಪ್ರೇ ಹೊಡೆದರು. ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಕೊನೆಗೆ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಬಿಡದೆ ಅಂಟಿಸಿದರು. ಅದನ್ನು ಹರಿದು ಬಿಸಾಡಿದರೆ ಮಳೆನೀರು ಕಾರಿನೊಳಕ್ಕೇ ಬರುತ್ತದೆ.

ಗ್ಲಾಸು ಒಂದೇ ಉಸಿರಿಗೆ ಏರಿತು. ಉಳಿದ ಮೂರು ಬಾಗಿಲಿನ ತಳಕ್ಕೂ ಅವರು ತಂತಿ ಹಾಕಿದರು. ಮೂರರಲ್ಲೂ ಹೊಂಗೆ ಹೂವಿನ ಕೆಸರು. ಶನಿವಾರ ಮತ್ತೆ ಜೆ.ಸಿ. ರಸ್ತೆಗೆ ಹೋಗಿ ಮೂರು ಜೊತೆ ಬೀಡಿಂಗ್ ತರಬೇಕು.