ಊರಿನ ಚರಿತ್ರೆಗೆ ಒಂದು ಕಪಾಟು



ಹೊನ್ನಾವರದ ಶರಾವತಿ ಸೇತುವೆಯ ಮೇಲೆ ನಿಂತು ಒಮ್ಮೆ ಸುತ್ತ ನೋಡಿ. ಪಡುವಣಕ್ಕೆ ಅಳಿವೆ, ಅದರಾಚೆ ಕಡಲು. ಮೂಡಣಕ್ಕೆ ಹೊಳೆಯ ಹರವು, ಅದರ ಹಿಂದೆ ಗೇರುಸೊಪ್ಪೆಯ ಕಾಡು. ತೆಂಕಣ ದಂಡೆಯಲ್ಲಿ ಕಾಸರಕೋಡು. ಈ ಊರಿನ ಬಗ್ಗೆ ಹಿರಿಯರನ್ನು ಕೇಳಿದರೆ ಅನೇಕ ಸಂಗತಿಗಳನ್ನು ಹೇಳುತ್ತಾರೆ. ಇಲ್ಲಿ ಪರಂಗಿಯವರ ಕೋಟೆ ಇತ್ತಂತೆ. ಯುದ್ಧದ ಹಡಗು ಕಟ್ಟುತ್ತಿದ್ದರಂತೆ. ಹೊಳೆಯ ಮೇಲ್ಗಡೆ ರಾಣಿಯೊಬ್ಬಳು ಮೆಣಸಿನ ವ್ಯಾಪಾರದಿಂದಲೇ ರಾಜ್ಯ ಆಳಿದಳಂತೆ. ಹೀಗೆ ಪ್ರತಿ ಮಾತಿನ ಕೊನೆಗೂ ಒಂದು 'ಅಂತೆ' ಇರುತ್ತದೆ. ಈ 'ಅಂತೆ'ಯನ್ನು ತೆಗೆದು 'ಹೌದು, ಇಂಥ ಕಡೆ ಹೀಗೆ ಬರೆದಿದೆ' ಎಂದು ಹೇಳಬೇಕಾದರೆ ಎಲ್ಲಿಗೆ ಹೋಗಬೇಕು?

ಬೆಂಗಳೂರಿಗೋ ಮುಂಬಯಿಗೋ ಹೋಗಬೇಕು ಎಂದು ನಿಮಗೆ ಅನಿಸಬಹುದು. ಮೊದಲ ಹೆಜ್ಜೆಗೆ ಅಷ್ಟು ದೂರದ ಅಗತ್ಯವಿಲ್ಲ. ತಾಲೂಕು ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ ಊರಿನ ಚರಿತ್ರೆಗೆಂದು ಒಂದೇ ಒಂದು ಕಪಾಟು ಇದ್ದರೂ ಸಾಕು, ಅಲ್ಲಿಂದ ಆರಂಭಿಸಬಹುದು. ಅಂಥ ಕಪಾಟಿನಲ್ಲಿ ಏನಿರಬೇಕು, ಅದನ್ನು ಹೇಗೆ ಓದಬೇಕು, ಅದಕ್ಕೆ ನಾವು ಏನು ಸೇರಿಸಬಹುದು ಎಂಬುದನ್ನು ಹೊನ್ನಾವರದ ಉದಾಹರಣೆಯಿಂದಲೇ ನೋಡೋಣ.

ಕಾಗದಗಳು ಚದುರಿದ್ದು ಏಕೆ?

ಉತ್ತರ ಕನ್ನಡದ ಚರಿತ್ರೆ ಓದುವವರಿಗೆ ಒಂದು ವಿಶೇಷ ತೊಡಕಿದೆ. ಈ ಜಿಲ್ಲೆಯ ಆಡಳಿತ ಬಾರಿಬಾರಿಗೆ ಕೈ ಬದಲಾಯಿಸಿತು. 1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನು ಹಿಡಿದು ಕೋಟೆ ಭದ್ರಪಡಿಸಿದರು. ಹದಿನೇಳನೆಯ ಶತಮಾನದ ನಡುವೆ ಅದು ಕೆಳದಿಯ ನಾಯಕರ ಪಾಲಾಯಿತು. 1763ರಲ್ಲಿ ಬಿದನೂರು ಬಿದ್ದ ಮೇಲೆ ಹೈದರಾಲಿಯ ವಶವಾಯಿತು. 1799ರಲ್ಲಿ ಟೀಪು ಸುಲ್ತಾನ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಬಂದು ಮದರಾಸು ಪ್ರಾಂತಕ್ಕೆ ಸೇರಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕನ್ನಡ ನಾಡಿಗೆ ಮರಳಿತು.

ಆಳಿದವರು ಹೋದಾಗ ಅವರ ದಫ್ತರಗಳೂ ಅವರೊಂದಿಗೆ ಹೋದವು. ಆದ್ದರಿಂದ ಹೊನ್ನಾವರದ ಹಳೆಯ ಕಾಗದಗಳು ಇಂದು ಪಣಜಿ, ಚೆನ್ನೈ, ಮುಂಬಯಿ, ಬೆಂಗಳೂರಿನ ಪತ್ರಾಗಾರಗಳಲ್ಲಿ, ಲಿಸ್ಬನ್ ಮತ್ತು ಲಂಡನ್ನಿನಲ್ಲಿ ಹಂಚಿಹೋಗಿವೆ. ಊರಿನವನೊಬ್ಬ ಊರಿನ ಬಗ್ಗೆ ತಿಳಿಯಲು ಇಷ್ಟು ಕಡೆ ಅಲೆಯಲಾರ. ಅಲ್ಲಿಂದ ಅಚ್ಚಾಗಿ ಬಂದ ಪುಸ್ತಕಗಳನ್ನು ಒಂದೆಡೆ ತಂದಿಡುವುದೇ ಸ್ಥಳೀಯ ಕಪಾಟಿನ ಮೊದಲ ಉಪಯೋಗ.

ಗ್ರಂಥಾಲಯದ ಒಳಗೂ ಇದೇ ಬಗೆಯ ಚದುರುವಿಕೆ ಉಂಟು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಪುಸ್ತಕಗಳನ್ನು ವಿಷಯದ ಮೇಲೆ ವಿಂಗಡಿಸುತ್ತಾರೆ. ಇತಿಹಾಸ ಒಂದು ಕಡೆ, ಪ್ರವಾಸ ಕಥನ ಇನ್ನೊಂದು ಕಡೆ, ಯಕ್ಷಗಾನ ಮತ್ತೊಂದು ಕಡೆ, ಕಾವ್ಯ ಮಗದೊಂದು ಕಡೆ. ಹೊನ್ನಾವರದ ಬಗ್ಗೆ ಹತ್ತು ಪುಸ್ತಕಗಳಿದ್ದರೆ ಅವು ಹತ್ತು ಕಪಾಟುಗಳಲ್ಲಿ ಇರುತ್ತವೆ. ಊರಿನ ಹೆಸರಿನಲ್ಲಿ ಒಂದು ಕಪಾಟು ಮಾಡಿದರೆ, ಅಥವಾ ಕನಿಷ್ಠ ಒಂದು ಪಟ್ಟಿ ಬರೆದು ಗೋಡೆಗೆ ತೂಗುಹಾಕಿದರೆ, ಓದುಗನ ಅರ್ಧ ಶ್ರಮ ಉಳಿಯುತ್ತದೆ.

ಊರು ಒಂದು, ಹೆಸರು ಹಲವು

ಕಪಾಟಿನ ಮುಂದೆ ಕುಳಿತವರು ಮೊದಲು ತಿಳಿಯಬೇಕಾದುದು ಹೆಸರುಗಳ ವಿಷಯ. 'ಹೊನ್ನಾವರ' ಎಂದೇ ಹುಡುಕಿದರೆ ಅನೇಕ ಪುಸ್ತಕಗಳಲ್ಲಿ ಏನೂ ಸಿಗುವುದಿಲ್ಲ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಇದನ್ನು 'ಹಿನವ್ರ್' ಎಂದ. ಪೋರ್ಚುಗೀಸರು 'ಓನೋರ್' ಎಂದರು. ಕಂಪನಿಯ ಇಂಗ್ಲಿಷರ ಬರಹಗಳಲ್ಲಿ 'ಓನೋರ್', 'ಹೊನೋರ್' ಎರಡೂ ಇವೆ. 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ 'ಹೊನವೇರ' ಎಂದು ಬರೆದುಕೊಂಡ. ಗೇರುಸೊಪ್ಪೆಯ ಸಂಗತಿಯೂ ಹಾಗೆಯೇ. ಶಾಸನಗಳಲ್ಲಿ ಅದು ನಗಿರೆ, ಕ್ಷೇಮಪುರ. ಈ ಹೆಸರುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಪುಸ್ತಕದ ಕೊನೆಯ ಪದಸೂಚಿಯನ್ನು ತೆರೆಯಿರಿ. ಅಲ್ಲಿಯವರೆಗೆ ಮುಚ್ಚಿದ್ದ ಬಾಗಿಲು ತೆರೆಯುತ್ತದೆ.

ಮೊದಲು ಯಾವ ಪುಸ್ತಕ?

ಹೊಸಬರು ಗ್ಯಾಸೆಟಿಯರ್‌ನಿಂದ ಆರಂಭಿಸುವುದು ಒಳ್ಳೆಯದು. ಮುಂಬಯಿ ಸರಕಾರ ಪ್ರಕಟಿಸಿದ ಗ್ಯಾಸೆಟಿಯರ್ ಮಾಲೆಯ 15ನೆಯ ಸಂಪುಟ ಪೂರ್ತಿಯಾಗಿ ಕೆನರಾ ಜಿಲ್ಲೆಗೆ ಮೀಸಲು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಈ ಸಂಪುಟ 1883ರಲ್ಲಿ ಎರಡು ಭಾಗಗಳಲ್ಲಿ ಹೊರಬಂತು. ಎರಡನೆಯ ಭಾಗದಲ್ಲಿ ಊರುಗಳನ್ನು ಇಂಗ್ಲಿಷ್ ಅಕ್ಷರಗಳ ಅನುಕ್ರಮದಲ್ಲಿ ಜೋಡಿಸಿ ಪ್ರತಿಯೊಂದರ ಚರಿತ್ರೆ, ಬಂದರು, ದೇವಾಲಯಗಳನ್ನು ವಿವರಿಸಿದ್ದಾರೆ. ಸ್ವಾತಂತ್ರ್ಯಾನಂತರದ ಸ್ಥಿತಿಗೆ ಸೂರ್ಯನಾಥ ಕಾಮತರ ಸಂಪಾದಕತ್ವದಲ್ಲಿ ಬಂದ ಉತ್ತರ ಕನ್ನಡ ಜಿಲ್ಲಾ ಗ್ಯಾಸೆಟಿಯರ್ ಇದೆ. ಹಳೆಯ ಸಂಪುಟ ಈಗ ಅಂತರ್ಜಾಲದಲ್ಲಿಯೂ ಉಚಿತವಾಗಿ ಓದಲು ಸಿಗುತ್ತದೆ. ಗ್ರಂಥಾಲಯದಲ್ಲಿ ಪ್ರತಿ ಇಲ್ಲವಾದರೆ ಹೊನ್ನಾವರ ತಾಲೂಕಿನ ಪುಟಗಳನ್ನಷ್ಟೇ ಮುದ್ರಿಸಿ ರಟ್ಟು ಹಾಕಿಸಿ ಇಡಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. 1883ರ ಗ್ಯಾಸೆಟಿಯರ್ ಆಳುವವರು ಆಡಳಿತದ ಅನುಕೂಲಕ್ಕಾಗಿ ಬರೆಸಿದ ಪುಸ್ತಕ. ಬೆಳೆ, ತೆರಿಗೆ, ರಸ್ತೆ, ಬಂದರುಗಳ ವಿವರ ಅದರಲ್ಲಿ ವಿಪುಲವಾಗಿದೆ. ಜಾತಿ ಜನಾಂಗಗಳ ಬಗ್ಗೆ ಬರೆಯುವಾಗ ಮಾತ್ರ ಅಧಿಕಾರಿಯ ದರ್ಪ ಇಣುಕುತ್ತದೆ. ವಿವರವನ್ನು ತೆಗೆದುಕೊಳ್ಳಿ, ತೀರ್ಪನ್ನು ಬದಿಗಿಡಿ.

ಮೆಣಸಿನ ರಾಣಿಯ ಪ್ರಕರಣ

ಒಂದೇ ಸಂಗತಿಯನ್ನು ಎರಡು ಮೂರು ಪುಸ್ತಕಗಳಲ್ಲಿ ನೋಡುವುದು ಏಕೆ ಅಗತ್ಯ ಎಂಬುದಕ್ಕೆ ಗೇರುಸೊಪ್ಪೆಯ ಚೆನ್ನಭೈರಾದೇವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಈಕೆ ಸುಮಾರು 1552ರಿಂದ 1606ರವರೆಗೆ ಆಳಿದಳೆಂದು ಇತಿಹಾಸಕಾರರು ಗಣಿಸುತ್ತಾರೆ. ಘಟ್ಟದ ಮೆಣಸು ಶರಾವತಿಯಲ್ಲಿ ಇಳಿದು ಹೊನ್ನಾವರದ ಬಂದರು ಸೇರುತ್ತಿತ್ತು. ಅದಕ್ಕಾಗಿಯೇ ಪೋರ್ಚುಗೀಸರು ಗೇರುಸೊಪ್ಪೆಯ ರಾಣಿಯನ್ನು 'ಮೆಣಸಿನ ರಾಣಿ' ಎಂದು ಕರೆದರು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಹೊನ್ನಾವರಕ್ಕೆ ಬಂದ. ಅಲ್ಲಿಂದ ದೋಣಿಯಲ್ಲಿ ಹೊಳೆ ಏರಿ ಗೇರುಸೊಪ್ಪೆಗೆ, ಬಳಿಕ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದ. ಹೊಳೆಯ ಚೆಲುವನ್ನು ಮನಸಾರೆ ಹೊಗಳಿದ ಆತ ಹಾಳಾಗಿದ್ದ ಗೇರುಸೊಪ್ಪೆಯನ್ನೂ ಕಂಡ. ರಾಣಿ ಪರಸ್ಥಳದ ಒಬ್ಬ ಕೀಳು ಮನುಷ್ಯನ ಮೋಹಕ್ಕೆ ಸಿಲುಕಿ ರಾಜ್ಯ ಕಳೆದುಕೊಂಡಳು ಎಂಬ ಕಥೆಯನ್ನು ಬರೆದಿಟ್ಟ.

ಇಲ್ಲಿ ನಿಲ್ಲಬೇಕು. ಇದನ್ನು ಆತನಿಗೆ ಹೇಳಿದವರು ಯಾರು? ಆತ ಬಂದದ್ದು ರಾಣಿಯ ಆಳ್ವಿಕೆ ಮುಗಿದು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಹೊರಟದ್ದು ಆಕೆಯ ರಾಜ್ಯವನ್ನು ಗೆದ್ದುಕೊಂಡ ನಾಯಕನ ಆಸ್ಥಾನಕ್ಕೆ. ಜೊತೆಗಿದ್ದವರು ಮೆಣಸಿಗಾಗಿ ಆಕೆಯೊಡನೆ ವ್ಯವಹರಿಸಿದ, ಹೋರಾಡಿದ ಪೋರ್ಚುಗೀಸರು. ಸೋತವಳ ಪರವಾಗಿ ಮಾತಾಡುವವರು ಆ ದಾರಿಯಲ್ಲಿ ಸಿಕ್ಕಿರುವ ಸಂಭವ ಕಡಿಮೆ. ಹದಿನೆಂಟನೆಯ ಶತಮಾನದಲ್ಲಿ ಲಿಂಗಣ್ಣ ಕವಿ ಬರೆದ 'ಕೆಳದಿನೃಪವಿಜಯ' ಕೂಡ ಹೆಸರೇ ಹೇಳುವಂತೆ ಗೆದ್ದವರ ಕಡೆಯ ಕಾವ್ಯ.

ಹಾಗಾದರೆ ರಾಣಿಯ ಕಡೆಯ ಸಾಕ್ಷಿ ಎಲ್ಲಿದೆ? ಅದು ಕಲ್ಲಿನಲ್ಲಿದೆ. ಭಟ್ಕಳ, ಹಾಡುವಳ್ಳಿ, ಗೇರುಸೊಪ್ಪೆಗಳ ಶಾಸನಗಳು ಈ ಮನೆತನದವರ ದಾನದತ್ತಿಗಳನ್ನು ಹೇಳುತ್ತವೆ. ಗೇರುಸೊಪ್ಪೆಯ ಬಳಿ ನಗರಬಸ್ತಿಕೇರಿಯ ಕಾಡಿನ ನಡುವೆ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ದಿಕ್ಕಿಗೂ ಮುಖ ಮಾಡಿದ ಜಿನಬಿಂಬಗಳು. ಶಾಸನ ಸಂಪುಟಗಳು, ಪ್ರವಾಸಿಯ ಪತ್ರಗಳು, ಕೆಳದಿಯ ಕಾವ್ಯ, ಈ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದಾಗ ಮಾತ್ರ ನಾಲ್ಕು ಶತಮಾನಗಳಿಂದ ಒಬ್ಬ ಹೆಂಗಸಿನ ಮೇಲೆ ಹೊರಿಸಿದ ಕಥೆಯನ್ನು ತೂಗಿ ನೋಡಲು ಸಾಧ್ಯ. ಆ ಮೇಜು ಊರಿನಲ್ಲಿಯೇ ಇರಬೇಕೆಂಬುದು ನಮ್ಮ ಮಾತು.

ಒಬ್ಬನೇ ಸಾಕ್ಷಿಯ ಕಥೆ

ಇನ್ನೊಂದು ಉದಾಹರಣೆ. ಇಬ್ನ್ ಬತೂತ 1340ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದಾಗ ಜಮಾಲುದ್ದೀನ್ ಎಂಬ ಸುಲ್ತಾನ ಆಳುತ್ತಿದ್ದ. ಆ ಸುಲ್ತಾನನೂ 'ಹರ್ಯಬ್' ಎಂಬ ಹಿಂದೂ ಅರಸನಿಗೆ ಅಧೀನನಾಗಿದ್ದ ಎಂದು ಆತ ಹೇಳುತ್ತಾನೆ. ಈ ಹರ್ಯಬ್ ವಿಜಯನಗರದ ಹರಿಹರನೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಊರಿನ ಹೆಂಗಸರು ಕುರಾನನ್ನು ಬಾಯಿಪಾಠ ಮಾಡಿದ್ದರೆಂದೂ, ಊರಿನಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಶಾಲೆಗಳಿದ್ದವೆಂದೂ ಬರೆದಿದ್ದಾನೆ. ಹೆಣ್ಣುಮಕ್ಕಳಿಗೆ ಶಾಲೆ ಇದ್ದುದನ್ನು ಬೇರೆಲ್ಲೂ ಕಾಣಲಿಲ್ಲವೆಂದು ಲೋಕ ಸುತ್ತಿದ ಆ ಪ್ರವಾಸಿಯೇ ಬೆರಗಾದ.

ಸುಮಾರು ಏಳುನೂರು ವರ್ಷಗಳ ಹಿಂದೆ ನಮ್ಮ ಕರಾವಳಿಯ ಒಂದು ಬಂದರಿನಲ್ಲಿ ಹುಡುಗಿಯರು ಪಾಠ ಕಲಿಯುತ್ತಿದ್ದರು ಎಂಬುದಕ್ಕೆ ನಮ್ಮ ಆಧಾರ ಆ ಒಬ್ಬ ಪರದೇಶಿಯ ನಾಲ್ಕಾರು ಸಾಲು. ಆ 13 ಶಾಲೆಗಳಲ್ಲಿ ಒಂದರ ಜಾಗವನ್ನೂ ನಾವು ಬೆರಳಿಟ್ಟು ತೋರಿಸಲಾರೆವು. ಕಲಿಸಿದವರ, ಕಲಿತವರ ಒಂದು ಹೆಸರೂ ಉಳಿದಿಲ್ಲ. ಆತ ಬಾರದೇ ಹೋಗಿದ್ದರೆ ಇಷ್ಟೂ ತಿಳಿಯುತ್ತಿರಲಿಲ್ಲ. ಊರಿನವರು ತಮ್ಮ ಸಂಗತಿಯನ್ನು ತಾವು ಉಳಿಸಿಕೊಳ್ಳದಿದ್ದರೆ ಹೀಗಾಗುತ್ತದೆ.

ಅಚ್ಚಾಗದೆ ಉಳಿದದ್ದು

ಆದ್ದರಿಂದ ಕಪಾಟಿನ ಅರ್ಧ ಭಾಗವನ್ನು ಅಚ್ಚಾದ ಪುಸ್ತಕಗಳಿಗೆ ಕೊಟ್ಟರೆ ಉಳಿದರ್ಧವನ್ನು ಊರಿನ ಮನೆಗಳಿಗೆ ಬಿಡಬೇಕು. ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಏನಿದೆ ನೋಡಿ. ಗೇಣಿ ಚೀಟಿಗಳು, 1974ರ ಭೂಸುಧಾರಣೆಯ ಕಾಲದ ನ್ಯಾಯಮಂಡಳಿಯ ಆದೇಶಗಳು, ಅಂಗಡಿಯ ಕಿರ್ದಿ ಪುಸ್ತಕ, ಅಜ್ಜ ಮುಂಬಯಿಯಿಂದ ಬರೆದ ಪತ್ರಗಳು, ಮದುವೆಯ ಕರೆಯೋಲೆ. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮೇಳ ಕಟ್ಟಿದ ತಾಲೂಕು ಇದು. ಇಲ್ಲಿ ಕೈಬರಹದ ಪ್ರಸಂಗ ಪುಸ್ತಕ, ಹಳೆಯ ಆಟದ ಹ್ಯಾಂಡ್‌ಬಿಲ್ಲುಗಳು ಎಷ್ಟು ಮನೆಗಳಲ್ಲಿ ಇರಲಿಕ್ಕಿಲ್ಲ! ದೇವಸ್ಥಾನ, ಮಸೀದಿ, ಇಗರ್ಜಿ, ಸಹಕಾರಿ ಸಂಘ, ಪ್ರಾಥಮಿಕ ಶಾಲೆಗಳಲ್ಲಿಯೂ ಹಳೆಯ ದಾಖಲೆಗಳು ಇರುತ್ತವೆ.

ಕಾಗದ ಇದ್ದವರ ಚರಿತ್ರೆ ಮಾತ್ರ ಚರಿತ್ರೆಯಲ್ಲ. ಅಳಿವೆಯ ಮರಳುದಿಬ್ಬಗಳನ್ನು ಹೆಸರಿನಿಂದ ಗುರುತಿಸುವ ಮೀನುಗಾರರಿದ್ದಾರೆ. ಹಾಲಕ್ಕಿ ಹೆಂಗಸರ ಹಾಡುಗಳಿವೆ. ಶ್ರೀಗಂಧದಲ್ಲಿ ಕೆತ್ತುವ ಗುಡಿಗಾರರ ಕೈಕೆಲಸದ ಮಾತುಗಳಿವೆ. ಇವನ್ನು ಧ್ವನಿಮುದ್ರಿಸಿ, ಹೇಳಿದವರ ಹೆಸರು, ಊರು, ದಿನಾಂಕ ಬರೆದು ಅವರ ಒಪ್ಪಿಗೆಯೊಡನೆ ಇಡಬೇಕು.

ವಿಳಂಬಕ್ಕೆ ಅವಕಾಶವಿಲ್ಲ. ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಪ್ರತಿ ಮಳೆಗಾಲವೂ ಒರಲೆ ಮತ್ತು ಬೂಸಲು ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಹೆದ್ದಾರಿ ಅಗಲವಾದಾಗ, ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ ಪೆಟ್ಟಿಗೆಗಳು ಗುಜರಿಗೆ ಹೋಗುತ್ತವೆ.

ನೀವು ಏನು ಮಾಡಬಹುದು?

ಮನೆಯಲ್ಲಿ ಹಳೆಯ ಕಾಗದವಿದ್ದರೆ ಅದಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಪ್ಲಾಸ್ಟಿಕ್ ಹೊದಿಸಿ ಲ್ಯಾಮಿನೇಶನ್ ಮಾಡಿಸಬೇಡಿ. ಎರಡೂ ಕಾಲಕ್ರಮದಲ್ಲಿ ಕಾಗದವನ್ನು ಕೆಡಿಸುತ್ತವೆ. ಬಿಸಿಲಿಗೂ ಒಡ್ಡಬೇಡಿ. ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ನೆಲದಿಂದ ಎತ್ತರದಲ್ಲಿ ಇಡಿ. ತಾಳೆಗರಿ ಇದ್ದರೆ ಅದಕ್ಕೆ ಎಣ್ಣೆ ಹಚ್ಚುವ ಮೊದಲು ತಿಳಿದವರನ್ನು ಕೇಳಿ. ಮೂಲವನ್ನು ಕೊಡಲು ಮನಸ್ಸಿಲ್ಲದಿದ್ದರೆ ಕೊಡಬೇಕಾಗಿಲ್ಲ. ಸ್ಪಷ್ಟವಾದ ಛಾಯಾಚಿತ್ರ ತೆಗೆದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಿ. ಜೊತೆಗೆ ಒಂದು ಹಾಳೆಯಲ್ಲಿ ಇದು ಏನು, ಯಾವ ಕಾಲದ್ದು, ಯಾರ ಮೂಲಕ ಬಂತು ಎಂದು ಬರೆಯಿರಿ. ಈ ಹಾಳೆ ಇಲ್ಲದ ಫೋಟೊ ಮುಂದಿನವರಿಗೆ ಬರಿಯ ಚಿತ್ರವಾಗಿ ಉಳಿಯುತ್ತದೆ.

ಗ್ರಂಥಪಾಲಕರಲ್ಲಿ ಇಂಥ ಒಂದು ಕಪಾಟು ಬೇಕೆಂದು ಕೇಳಲು ಸಂಕೋಚ ಬೇಡ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳು 1965ರ ಕಾಯ್ದೆಯ ಬಲದಿಂದ ನಡೆಯುತ್ತವೆ. ನೀವು ಕಟ್ಟುವ ಮನೆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರವೆಂದು ಒಂದು ಸಾಲು ಇದೆ. ಆ ಕಪಾಟಿನ ಬೆಲೆಯನ್ನು ನೀವು ಆಗಲೇ ಕೊಟ್ಟಿದ್ದೀರಿ.

ಎಲ್ಲಿಂದ ಆರಂಭಿಸಲಿ ಎಂದು ತೋಚದಿದ್ದರೆ ನಿಮ್ಮೂರಿನ ಹಳೆಯ ಹೆಣ್ಣುಮಕ್ಕಳ ಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅಲ್ಲಿಯ ಮೊದಲ ದಾಖಲಾತಿ ಪುಸ್ತಕವನ್ನು ನೋಡಿ. ಮೊದಲ ವರ್ಷ ಸೇರಿದ ಹುಡುಗಿಯರ ಹೆಸರು ಅದರಲ್ಲಿ ಇರುತ್ತದೆ. ಇಬ್ನ್ ಬತೂತ ಕಂಡ ಹುಡುಗಿಯರ ಹೆಸರು ನಮಗೆ ಸಿಗಲಿಲ್ಲ. ಈ ಹೆಸರುಗಳು ಇನ್ನೂ ಇವೆ. ಅವು ಬರುವ ಮಳೆಗಾಲವನ್ನು ದಾಟುವಂತೆ ಮಾಡುವುದು ನಮ್ಮ ಕೈಯಲ್ಲಿದೆ.