ಯಂತ್ರದ ಲೆಕ್ಕ, ರೋಗಿಯ ಪಾಡು

ರೋಗಿಯ ನಾಡಿ ಹಿಡಿದು, ಮನೆಯ ಸ್ಥಿತಿಗತಿಯನ್ನೂ ವಿಚಾರಿಸಿ ಔಷಧ ಕೊಡುತ್ತಿದ್ದ ವೈದ್ಯರನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಇಂದು ಆ ವಿಚಾರಣೆಯ ಒಂದು ಪಾಲನ್ನು ಕೃತಕ ಬುದ್ಧಿಮತ್ತೆ ವಹಿಸಿಕೊಳ್ಳುತ್ತಿದೆ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಅಮೆರಿಕದಲ್ಲಿ ನಡೆದ ಒಂದು ಸಂಗತಿಯನ್ನು ಓದುಗ ಬಂಧುಗಳು ಅವಶ್ಯವಾಗಿ ತಿಳಿಯಬೇಕು.

ಅಲ್ಲಿಯ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ವಿಶೇಷ ಆರೈಕೆ ಬೇಕೆಂಬುದನ್ನು ಗುರುತಿಸಲು ಒಂದು ಗಣಕಸೂತ್ರ ಬಳಕೆಯಲ್ಲಿತ್ತು. ಜಿಯಾಡ್ ಓಬರ್‌ಮೇಯರ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ, 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೂತ್ರಕ್ಕೆ ರೋಗಿಯ ಜನಾಂಗವನ್ನು ತಿಳಿಸಿಯೇ ಇರಲಿಲ್ಲ. ಹಾಗಾದರೆ ಭೇದವೆಲ್ಲಿಂದ ಬಂತು? ಮುಂದೆ ತಗಲಬಹುದಾದ ವೆಚ್ಚವನ್ನೇ ಅದು ರೋಗದ ಅಳತೆಗೋಲಾಗಿ ಹಿಡಿದಿತ್ತು. ಕಪ್ಪು ಜನರಿಗೆ ಚಿಕಿತ್ಸೆಯೇ ಸಮನಾಗಿ ದೊರೆಯದಿದ್ದುದರಿಂದ ಅವರ ಮೇಲಾದ ವೆಚ್ಚ ಕಡಿಮೆ. ವೆಚ್ಚ ಕಡಿಮೆಯಾದುದರಿಂದ ರೋಗವೂ ಕಡಿಮೆಯೆಂದು ಯಂತ್ರ ಎಣಿಸಿತು! ಈ ದೋಷವನ್ನು ನೀಗಿದರೆ ಹೆಚ್ಚಿನ ನೆರವಿಗೆ ಆಯ್ಕೆಯಾಗುವವರಲ್ಲಿ ಕಪ್ಪು ರೋಗಿಗಳ ಪ್ರಮಾಣ ಶೇ. 17.7ರಿಂದ 46.5ಕ್ಕೆ ಏರುವುದೆಂದು ಸಂಶೋಧಕರು ಕಂಡುಕೊಂಡರು. ಬಳಿಕ ಸೂತ್ರವನ್ನು ಸಿದ್ಧಪಡಿಸಿದವರೊಡನೆ ಸೇರಿ ಅಳತೆಗೋಲನ್ನೇ ಬದಲಿಸಿ ನೋಡಲಾಗಿ, ಭೇದ ಬಹುಪಾಲು ತಗ್ಗಿತು.

ಖರ್ಚು ಮಾಡಲಾರದವನು ಆರೋಗ್ಯವಂತನೇ? ಕೂಲಿ ತಪ್ಪೀತೆಂದು ನೋವು ನುಂಗಿಕೊಂಡು ದುಡಿಯುವ ತಾಯಂದಿರು ನಮ್ಮ ಊರುಗಳಲ್ಲೂ ಇದ್ದಾರೆ. ಎಷ್ಟೋ ಮಂದಿಯ ಹೆಸರಿನಲ್ಲಿ ಆಸ್ಪತ್ರೆಯ ಕಡತವೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯು ಒಪ್ಪಿಗೆ, ಗೋಪ್ಯತೆ, ಹೊಣೆಗಾರಿಕೆಗಳ ಮಾತನ್ನಾಡಿದೆ. ಸಂತೋಷ. ಆದರೆ ಕಡತವೇ ಇಲ್ಲದ ತಾಯಿಯ ನೋವನ್ನು ಯಂತ್ರ ಯಾವುದರಿಂದ ಕಲಿಯಬೇಕು? ಇದನ್ನು ಸೂತ್ರ ಬರೆಯುವವರೂ, ಅದನ್ನು ಕೊಳ್ಳುವ ಆಸ್ಪತ್ರೆಯವರೂ ಮೊದಲೇ ಕೇಳಿಕೊಳ್ಳಲೆಂಬುದು ನಮ್ಮ ಅಪೇಕ್ಷೆ.