ಅಂಚೆಯಲ್ಲಿ ಬಂದ ಗರಡಿ

ಗೋಕುಲಾಷ್ಟಮಿಯ ಹೊತ್ತಿಗೆ ಸುರಪುರದಲ್ಲಿ ವೇಣುಗೋಪಾಲಸ್ವಾಮಿ ಜಾತ್ರೆ. ಹಾಲೋಕುಳಿಯ ದಿನ ದೇವಸ್ಥಾನದ ಮುಂದೆ ಕಂಬಗಳು ನಿಲ್ಲುತ್ತವೆ. ಜಾರುವ ಕಂಬ, ಮೈಮೇಲೆ ಬೀಳುವ ನೀರು, ಸುತ್ತ ಕೇಕೆ ಹಾಕುವ ಜನ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಕಾಲಿಟ್ಟು ಏರುವ ಹುಡುಗರಿಗೆ ತೊಡೆಯ ಯಾವ ಸ್ನಾಯು ಎಲ್ಲಿ ಬಿಗಿಯಬೇಕು ಎಂದು ಯಾರೂ ಪಾಠ ಮಾಡಿಲ್ಲ. ಅಣ್ಣ ಏರಿದ್ದನ್ನು ನೋಡಿ ತಮ್ಮ ಏರಿದ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ದೇಹದ ವಿದ್ಯೆ ಹೀಗೇ ಬಂದಿದೆ, ಕಣ್ಣಿನಿಂದ ಕಣ್ಣಿಗೆ. ತಾಲೀಮಿನ, ಅಂದರೆ ಗರಡಿಯ, ಮಣ್ಣಿನಲ್ಲಿ ಉಸ್ತಾದರು ಒಂದು ಪಟ್ಟು ತೋರಿಸಿ, ತಪ್ಪಿದರೆ ಬೆನ್ನಿಗೊಂದು ಏಟು ಕೊಟ್ಟು ಕಲಿಸಿದರು. ಅವರು ಕಣ್ಣು ಮುಚ್ಚಿದರೆ ಅರ್ಧ ವಿದ್ಯೆ ಅವರ ಜೊತೆಗೇ ಹೋಯಿತು.

ಇದೇ ವಿದ್ಯೆಯನ್ನು ಕಾಗದದ ಮೇಲಿಳಿಸಿ, ಲಕೋಟೆಗೆ ಹಾಕಿ, ವಿಳಾಸ ಬರೆದು ಕಳಿಸಬಹುದು ಎಂದುಕೊಂಡ ಕನ್ನಡಿಗ ಒಬ್ಬರಿದ್ದರು. ಕೋಲಾರದ ವೆಂಕಟೇಶ ಅಯ್ಯರ್. ಸಾಹಿತ್ಯ ಓದುವವರು ಅವರನ್ನು ಕೆ.ವಿ. ಅಯ್ಯರ್ ಎಂದು ಬಲ್ಲರು, 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳಿಂದ. ಆ ಕಾದಂಬರಿಕಾರ ಒಂದು ಕಾಲದಲ್ಲಿ ಇಂಗ್ಲೆಂಡಿನ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಚಿತ್ರ ಅಚ್ಚಾಗುತ್ತಿದ್ದ ಪೈಲ್ವಾನರೂ ಹೌದು ಎಂದರೆ ಕನ್ನಡ ಎಂ.ಎ. ಮಾಡಿದ ಗೆಳೆಯರೂ ಹುಬ್ಬೇರಿಸುತ್ತಾರೆ.

1890ರ ದಶಕದ ಕೊನೆಯಲ್ಲಿ ಕೋಲಾರ ಸೀಮೆಯ ದೇವರಾಯಸಮುದ್ರದಲ್ಲಿ ಹುಟ್ಟಿದವರು. ಅವರು ಬೆಳೆಯುವ ಹೊತ್ತಿಗೆ ಪಶ್ಚಿಮದ ದೇಹದಾರ್ಢ್ಯಪಟು ಯೂಜಿನ್ ಸ್ಯಾಂಡೋನ ಹೆಸರು ಭಾರತದ ಊರೂರಲ್ಲಿ ಹರಿದಾಡುತ್ತಿತ್ತು. 1904-05ರಲ್ಲಿ ಆತ ಭಾರತ ಪ್ರವಾಸ ಮಾಡಿ ಹೋಗಿದ್ದ. ಅವನ ಡಂಬೆಲ್, ಸ್ಪ್ರಿಂಗುಗಳು ಪೇಟೆಗಳಿಗೆ ಬಂದಿದ್ದವು. ದೇಹ ಬೆಳೆಸುವುದನ್ನು ಅಂಚೆಯ ಮೂಲಕ ಕಲಿಸಿ ಕಾಸು ಮಾಡುವ ದಾರಿಯೂ ಅವನಂಥವರು ತೋರಿಸಿಕೊಟ್ಟದ್ದೇ. ಅಯ್ಯರ್ ಬೆಂಗಳೂರಿನಲ್ಲಿ ತಮ್ಮ ಹರ್ಕ್ಯುಲಿಸ್ ಜಿಮ್ನೇಸಿಯಂ ತೆರೆದರು. ಅದರ ಜೊತೆಗೇ ಅಂಚೆ ಶಿಕ್ಷಣದ ಶಾಲೆ. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್', ಮರುವರ್ಷ ಸೂರ್ಯನಮಸ್ಕಾರದ ಮೇಲೆ ಇನ್ನೊಂದು ಪುಸ್ತಕ ಬಂದವು. ಈ ಪುಸ್ತಕಗಳ ಚಿತ್ರಗಳಲ್ಲಿ ಅಯ್ಯರ್ ತಾವೇ ಗ್ರೀಕ್ ಶಿಲೆಯ ಹಾಗೆ ನಿಂತಿದ್ದಾರೆ. ತಮ್ಮ ಮೈಕಟ್ಟಿನ ಬಗ್ಗೆ ಅವರಿಗೆ ಸಂಕೋಚ ಎಂಬುದಿರಲಿಲ್ಲ. ದೇವತೆಗಳೂ ಹೊಟ್ಟೆಕಿಚ್ಚು ಪಡುವ ಮೈ ತನ್ನದು ಎಂಬ ಧಾಟಿಯಲ್ಲೇ ಬರೆದುಕೊಂಡವರು. ನಮ್ಮ ಕಡೆಯ ಉಸ್ತಾದರು ಇದನ್ನು ಕೇಳಿದ್ದರೆ ಮೊದಲು ನಗುತ್ತಿದ್ದರು, ಆಮೇಲೆ ಅಖಾಡಕ್ಕೆ ಕರೆಯುತ್ತಿದ್ದರು.

ಬಿಂಕವನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ಅವರ ಶೋಧ. ಅಯ್ಯರ್‌ಗಿಂತ ಮೊದಲು ಎರಡು ದಾರಿಗಳು ಬಹುಮಟ್ಟಿಗೆ ಬೇರೆಬೇರೆಯಾಗಿದ್ದವು. ಒಂದು ಕಡೆ ಸಾಮು, ಬಸ್ಕಿ, ಗದೆ, ಭಾರ. ಇನ್ನೊಂದು ಕಡೆ ಹಠಯೋಗ. ಪೈಲ್ವಾನ ಯೋಗಿಯನ್ನು ಬಡಕಲ ಎನ್ನುತ್ತಿದ್ದ, ಯೋಗಿ ಪೈಲ್ವಾನನನ್ನು ಮಾಂಸದ ಮುದ್ದೆ ಎನ್ನುತ್ತಿದ್ದ. ಅಯ್ಯರ್ ಎರಡನ್ನೂ ತಮ್ಮ ಮೈಮೇಲೆ ಪ್ರಯೋಗ ಮಾಡಿ ಕೆಲಸ ಹಂಚಿದರು. ಹೊರಗಿನ ಸ್ನಾಯುವಿಗೆ ಡಂಬೆಲ್, ಬಾರ್ಬೆಲ್. ಒಳಗಿನ ಅಂಗಾಂಗಗಳಿಗೆ, ಜೀರ್ಣಕ್ಕೆ, ಉಸಿರಿಗೆ ಆಸನ. ತಮ್ಮನ್ನು ಬೆಳೆಸಿದ್ದರಲ್ಲಿ ಕಬ್ಬಿಣಕ್ಕಿಂತ ಹಠಯೋಗದ ಪಾಲೇ ಹೆಚ್ಚು ಎಂಬುದು ಅವರ ನಂಬಿಕೆ. ಇವತ್ತು ಎಷ್ಟೋ ಜಿಮ್ಮುಗಳಲ್ಲಿ ಭಾರ ಎತ್ತಿದ ಮೇಲೆ ಒಂದಿಷ್ಟು ಆಸನ ಮಾಡಿಸುತ್ತಾರೆ, ಯಾರಿಗೂ ಅದರಲ್ಲಿ ಸೋಜಿಗವಿಲ್ಲ. ತೊಂಬತ್ತು ವರ್ಷಗಳ ಹಿಂದೆ ಸೋಜಿಗವಿತ್ತು.

ಸೂರ್ಯನಮಸ್ಕಾರದ ಕಥೆ ಇನ್ನೂ ಸ್ವಾರಸ್ಯದ್ದು. ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿ 1920ರ ದಶಕದಿಂದ ಅದನ್ನು ಜನಸಾಮಾನ್ಯರ ವ್ಯಾಯಾಮವಾಗಿ ಹರಡಲು ಹೊರಟಿದ್ದರು. ಬೆಂಗಳೂರಿನಲ್ಲಿ ಆ ಕೆಲಸ ಕೈಗೆತ್ತಿಕೊಂಡವರು ಅಯ್ಯರ್. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ. ಅದರಿಂದ ಕೆಲವೇ ಹೆಜ್ಜೆ ಆಚೆ ಅಯ್ಯರ್ ಅವರ ಶಿಷ್ಯ ಅನಂತರಾವ್ ವ್ಯಾಯಾಮದ ತರಗತಿ ನಡೆಸುತ್ತಿದ್ದರು. ಒಂದು ಕೋಣೆಯಲ್ಲಿ ಆಸನ, ಪಕ್ಕದ್ದರಲ್ಲಿ ಸೂರ್ಯನಮಸ್ಕಾರ ಮತ್ತು ಭಾರ. ಇಂದು ಜಗತ್ತೇ ಯೋಗದ ಹೆಸರಲ್ಲಿ ಮಾಡುವ ಸೂರ್ಯನಮಸ್ಕಾರವನ್ನು ಆ ಕಾಲದ ಅರಮನೆಯಲ್ಲಿ ವ್ಯಾಯಾಮದವರು ಕಲಿಸುತ್ತಿದ್ದರು ಎಂದು ಯೋಗದ ಇತಿಹಾಸ ಬರೆದ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಕೃಷ್ಣಮಾಚಾರ್ಯ, ಅಯ್ಯರ್ ಇಬ್ಬರಿಗೂ ಇತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಅಂಚೆ ಪಾಠ. ದೂರದ ಊರಿನ ಹುಡುಗನೊಬ್ಬ ಶುಲ್ಕ ಕಟ್ಟಿ ತನ್ನ ಎತ್ತರ, ತೂಕ, ಕುತ್ತಿಗೆ, ಎದೆ, ತೋಳು, ಸೊಂಟ, ತೊಡೆ, ಮೀನಖಂಡಗಳ ಅಳತೆ ಬರೆದು ಕಳಿಸಬೇಕು. ಇರುವ ಕಾಯಿಲೆ ಹೇಳಬೇಕು. ಅದನ್ನು ನೋಡಿ ಇತ್ತಲಿಂದ ಚಿತ್ರಗಳ ಸಮೇತ ಪಾಠ. ಕೆಲವು ವಾರ ಬಿಟ್ಟು ಮತ್ತೆ ಅಳತೆ. ಗುರುವಿನ ಮುಖವನ್ನೇ ಕಾಣದ ಶಿಷ್ಯನ ಕೈಯಲ್ಲಿ ದರ್ಜಿಯ ಟೇಪು! ತಾಲೀಮಿನ ಹುಡುಗನಿಗೆ ತಾನು ಬೆಳೆದೆನೋ ಇಲ್ಲವೋ ಗೊತ್ತಾಗುತ್ತಿದ್ದುದು ಎದುರಾಳಿ ಬಿದ್ದಾಗ. ಇಲ್ಲಿ ಹಾಗಲ್ಲ, ಬೆಳೆದಿದ್ದರೆ ಟೇಪು ಹೇಳುತ್ತದೆ, ಬೆಳೆಯದಿದ್ದರೂ ಹೇಳುತ್ತದೆ. ದೈಹಿಕ ಶಿಕ್ಷಣವನ್ನು ಅಳೆದು, ಬರೆದಿಟ್ಟು, ಮತ್ತೆ ಅಳೆದು ನೋಡುವ ವಿದ್ಯೆಯನ್ನಾಗಿ ಮಾಡಿದ್ದರಲ್ಲಿ ಈ ಟೇಪಿನ ಪಾಲು ದೊಡ್ಡದು. ಇವತ್ತು ಬಿ.ಪಿ.ಎಡ್. ವಿದ್ಯಾರ್ಥಿಗಳು 'ಪರೀಕ್ಷೆ ಮತ್ತು ಮಾಪನ' ಎಂದು ಓದುವ ಪತ್ರಿಕೆಯ ಮನೆಮಟ್ಟದ ರೂಪ ಅದು.

ಅಂಚೆಗೇನೋ ನಮ್ಮ ಸೀಮೆ ದೂರವಿರಲಿಲ್ಲ. 1871ರಲ್ಲೇ ಮುಂಬಯಿ-ಮದ್ರಾಸು ರೈಲು ರಾಯಚೂರಿನಲ್ಲಿ ಕೂಡಿಕೊಂಡಿತ್ತು. ಯಾದಗಿರಿ ಆ ದಾರಿಯ ಸ್ಟೇಷನ್ನು. ಶಹಾಪುರ, ಸುರಪುರಕ್ಕೆ ಅಲ್ಲಿಂದ ಗಾಡಿ ಕಟ್ಟಬೇಕು, ನಡುವೆ ಭೀಮೆ ದಾಟಬೇಕು. ಅಡ್ಡ ಬಂದದ್ದು ಹೊಳೆಗಿಂತ ಭಾಷೆ. ನಿಜಾಮರ ಆಡಳಿತದಲ್ಲಿ ಇಲ್ಲಿಯ ಸರಕಾರಿ ಶಾಲೆಯ ಹುಡುಗ ಕಲಿತದ್ದು ಉರ್ದು, ಮನೆಯಲ್ಲಿ ಆಡಿದ್ದು ಕನ್ನಡ. ಅಯ್ಯರ್ ಅವರ ಹೆಸರಾದ ವ್ಯಾಯಾಮ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಅವರು ಕನ್ನಡಕ್ಕೆ ಕೊಟ್ಟದ್ದು ಕಥೆ, ಕಾದಂಬರಿ. ಅಷ್ಟು ಸೊಗಸಾದ ಕನ್ನಡ ಬರೆಯಬಲ್ಲ ಕೈ, ಭುಜ ಬೆಳೆಸುವ ಪಾಠವನ್ನೂ ಅದೇ ಕನ್ನಡದಲ್ಲಿ ಬರೆದು ಹರಡಿದ್ದರೆ ಎಂದು ಇವತ್ತಿಗೂ ಹಳಹಳಿಯಾಗುತ್ತದೆ.

ಆ ಕನ್ನಡಕ್ಕೆ ನೀರೆರೆದ ಜಾಗವೂ ಗರಡಿಯೇ. ಬೆಂಗಳೂರಿನ ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆ ನಾಟಕಕಾರ ಟಿ.ಪಿ. ಕೈಲಾಸಂ ಬಂದು ಕೂರುತ್ತಿದ್ದ ಜಾಗ. ಸಿಗರೇಟಿನ ಹೊಗೆ ಬಿಡುತ್ತ ಕೈಲಾಸಂ ಒಂದು ಕಡೆ, ಬೆವರು ಒರೆಸಿಕೊಳ್ಳುತ್ತ ಶಿಷ್ಯರು ಒಂದು ಕಡೆ! ಅಯ್ಯರ್ ಬರೆದ 'ಕೈಲಾಸಂ ಸ್ಮರಣೆ' ಓದಿದರೆ ಆ ಸಲಿಗೆಯ ಆಳ ತಿಳಿಯುತ್ತದೆ. ಅವರ ಸುತ್ತ ಬೆಳೆದ ರವಿ ಕಲಾವಿದರು ತಂಡ ನಾಟಕಗಳನ್ನಾಡಿತು. 'ರೂಪದರ್ಶಿ'ಯ ವಸ್ತುವನ್ನೇ ನೋಡಿ: ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿದ್ದ ಮುದ್ದು ಹುಡುಗ, ವರ್ಷಗಳು ಕಳೆದು ಬಾಳು ಕೆಟ್ಟ ಮೇಲೆ ದ್ರೋಹಿ ಜುದಾಸನ ಚಿತ್ರಕ್ಕೂ ತಾನೇ ರೂಪದರ್ಶಿಯಾಗುತ್ತಾನೆ. ಬದುಕು ಮೈಮೇಲೆ ಏನು ಬರೆಯುತ್ತದೆ ಎಂದು ಓದಬಲ್ಲವನಿಗೇ ಇಂಥ ಕಥೆ ಹಿಡಿಸೀತು. ವಿಮರ್ಶಕರು ಇದನ್ನು ವ್ಯಾಯಾಮಕ್ಕೆ ಜೋಡಿಸಿ ಓದುವುದಿಲ್ಲ. ನನಗಂತೂ ಅಯ್ಯರ್ ಅವರ ಟೇಪು ಮತ್ತು ಲೇಖನಿ ಒಂದೇ ಕೈಯಲ್ಲಿದ್ದ ಹಾಗೆ ಕಾಣುತ್ತದೆ. 1980ರಲ್ಲಿ ಅವರು ತೀರಿಕೊಂಡರು.

ಅಯ್ಯರ್ ಅಂಚೆಗೆ ಹಾಕಿದ್ದನ್ನು ಕಾಲ್ನಡಿಗೆಯಲ್ಲಿ ಹೊತ್ತವರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. ಕಾಸರಗೋಡಿನ ಕಡೆ ಹುಟ್ಟಿ, ಬರೋಡಾದ ಪ್ರೊಫೆಸರ್ ಮಾಣಿಕರಾಯರಲ್ಲಿ ವ್ಯಾಯಾಮ ಕಲಿತು, ಊರೂರು ಸುತ್ತಿ ಶಿಬಿರ ನಡೆಸಿ, ಕೊನೆಗೆ ಹೊಳಲ್ಕೆರೆ ತಾಲ್ಲೂಕಿನ ಆ ಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿದರು. 'ತಿರುಕ' ಎಂಬ ಹೆಸರಿನಲ್ಲಿ ಬರೆದರು. 1996ರಲ್ಲಿ ಕಾಲವಾದರು. ಅಲ್ಲಿ ಅವರು ಬೆಳೆಸಿದ ದೈಹಿಕ ಶಿಕ್ಷಕರ ತರಬೇತಿಯಿಂದ ಹೊರಬಂದವರು ಕನ್ನಡ ನಾಡಿನ ಸಾವಿರಾರು ಶಾಲಾಮೈದಾನಗಳಲ್ಲಿ ಸೀಟಿ ಊದಿದ್ದಾರೆ. ಅವರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು.

ಇತ್ತ 1956ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. ಆಮೇಲೆ ಯಾದಗಿರಿ ಜಿಲ್ಲೆಯಾಯಿತು. ದೈಹಿಕ ಶಿಕ್ಷಣದಲ್ಲಿ ಡಾಕ್ಟರೇಟ್ ಪಡೆಯುವುದು ಈಗ ಈ ಕಡೆಯವರಿಗೂ ಹೊಸದಲ್ಲ. ಶಾಲೆಯಲ್ಲಿ ಮಾತ್ರ ಪಿ.ಟಿ. ಪೀರಿಯಡ್ ಎಂದರೆ ಗಣಿತದ ಮೇಷ್ಟ್ರು ಪಾಠ ಮುಗಿಸಿಕೊಳ್ಳಲು ಕೇಳಿ ಪಡೆಯುವ ಪೀರಿಯಡ್. ಪಿ.ಟಿ. ಮೇಷ್ಟ್ರು ಬಿಸಿಯೂಟದ ಲೆಕ್ಕ, ಮೆರವಣಿಗೆಯ ಸಾಲು, ಚುನಾವಣೆಯ ಕೆಲಸ ನೋಡಿಕೊಂಡು, ಸಮಯ ಉಳಿದರೆ ಮೈದಾನಕ್ಕೆ ಬರುತ್ತಾರೆ. ಮೈದಾನವೇ ಇಲ್ಲದ ಶಾಲೆಗಳ ಮಾತು ಬೇರೆ.

ತಾಲೀಮುಗಳ ಸ್ಥಿತಿಯೂ ಅಷ್ಟೇ. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಕೆಂಪು ಮಣ್ಣು ಹದ ಮಾಡುವುದು ಗೊತ್ತಿದ್ದವರು ಕಡಿಮೆಯಾಗುತ್ತಿದ್ದಾರೆ. ಗೋಡೆಯ ಮೇಲೆ ಹನುಮಪ್ಪನ ಪಟ, ಮೊಹರಂ ಬಂದರೆ ಅದೇ ಹುಡುಗರು ಅಲಾಯಿ ಕುಣಿತಕ್ಕೆ, ಜಾತ್ರೆ ಬಂದರೆ ಕಲ್ಲು ಎತ್ತುವುದಕ್ಕೆ. ಈ ಕಲಿಕೆಯಲ್ಲಿ ಎಷ್ಟು ದೇಹಶಾಸ್ತ್ರ ಅಡಗಿದೆ ಎಂದು ಅಯ್ಯರ್ ಅವರಂಥವರ ಕಣ್ಣಿನಿಂದ ಕೂತು ನೋಡುವ ಸಂಶೋಧನೆ ನಮಗೆ ಬೇಕು. ಒಲಿಂಪಿಕ್ಸ್ ಕ್ರೀಡಾಪಟುಗಳ ಮೇಲೆ ಪ್ರಬಂಧ ಬರೆಯುವ ನಮ್ಮ ಪಿಎಚ್.ಡಿ. ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಟೇಪು ಹಿಡಿದು ಸುರಪುರದ ತಾಲೀಮಿಗೆ ಹೋಗಬಾರದೇ?

ಯಾದಗಿರಿ, ಶಹಾಪುರ, ಸುರಪುರದ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಓಣಿಯಲ್ಲಿ ವಯಸ್ಸಾದ ಉಸ್ತಾದರಿದ್ದರೆ ಅವರ ಪಟ್ಟುಗಳನ್ನು, ಸಾಮಿನ ಕ್ರಮವನ್ನು, ಊಟದ ಪಥ್ಯವನ್ನು, ಮಣ್ಣಿನ ಹದವನ್ನು ಕೇಳಿ ಬರೆದಿಡಿ. ಮೊಬೈಲಿನಲ್ಲಿ ವಿಡಿಯೊ ಮಾಡಿ, ಹೆಸರು, ಊರು, ತಾರೀಖು ಸೇರಿಸಿ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ವ್ಯಾಯಾಮದ ಪುಸ್ತಕವೋ, ಅಂಚೆಯಲ್ಲಿ ಬಂದ ಪಾಠದ ಹಾಳೆಯೋ ಸಿಕ್ಕರೆ ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗಕ್ಕೆ ಒಯ್ದು ತೋರಿಸಿ.